ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಗಾಯವಾಗಿ ಆಟವೇ ನಿಂತುಹೋದರೆ ಇನ್ಶೂರೆನ್ಸ್ ದುಡ್ಡು ನಿಜಕ್ಕೂ ಸಿಗುತ್ತದಾ?

ನಿಮ್ಮ ಅಕ್ಕನ ಮಗ ಟೆಕ್ಸಾಸ್‌ನಲ್ಲಿ ಸ್ಕಾಲರ್‌ಶಿಪ್ ಮೇಲೆ ಫುಟ್‌ಬಾಲ್ ಆಡುತ್ತಿದ್ದಾನೆ, ಏಜೆಂಟ್ ಒಬ್ಬರು ಡಿಸೆಬಿಲಿಟಿ ಇನ್ಶೂರೆನ್ಸ್ ಮಾಡಿಸಿ ಅಂತ ಹಿಂದೆ ಬಿದ್ದಿದ್ದಾರೆ, ಆದರೆ ಗಾಯವಾದ ಮೇಲೆ ಕಂಪನಿಗಳು ದುಡ್ಡು ಕೊಡದೆ ಸತಾಯಿಸುತ್ತವೆ ಅಂತ ಕೇಳಿದ್ದೀರಿ, ಮಾಡಿಸಬೇಕಾ ಬೇಡವಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಡಾಲಸ್ ಹತ್ತಿರ ಇದ್ದೇನೆ. ಡಿಸೆಬಿಲಿಟಿ ಕ್ಲೇಮ್‌ಗಳ ಕಾಗದ ಓದುವ ಕೆಲಸವನ್ನು ಹಲವು ವರ್ಷ ಮಾಡಿದ್ದೇನೆ. ಅದರಿಂದ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಈ ಜಗಳಗಳು ಮಂಡಿ ಮುರಿದ ದಿನ ಹುಟ್ಟುವುದಿಲ್ಲ, ಅರ್ಜಿ ತುಂಬಿದ ದಿನವೇ ಹುಟ್ಟಿರುತ್ತವೆ.

ಇಲ್ಲಿ ಎರಡು ಥರದ ಪಾಲಿಸಿ ಇವೆ. ಏಜೆಂಟ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನೀವು ಬೇರೆ ಬೇರೆ ಮಾಡಿ ಕೇಳಿ.

ಮೊದಲನೆಯದು ಶಾಶ್ವತ ಅಂಗವೈಕಲ್ಯದ ಪಾಲಿಸಿ. ಹುಡುಗ ಇನ್ನು ಯಾವತ್ತೂ ವೃತ್ತಿಪರ ಆಟ ಆಡಲಾರ ಅಂತ ಸಾಬೀತಾದರೆ ಮಾತ್ರ ದುಡ್ಡು. ಸಾಮಾನ್ಯವಾಗಿ ಗಾಯವಾದ ಮೇಲೆ ಒಂದು ವರ್ಷ ಕಾಯಿಸುತ್ತಾರೆ, ಆಮೇಲೆ ಅವರ ಡಾಕ್ಟರೂ ನೋಡುತ್ತಾರೆ. ಕೇಳಲು ಸುಲಭ. ಆದರೆ ಈಗಿನ ಶಸ್ತ್ರಚಿಕಿತ್ಸೆಯಲ್ಲಿ ಮಂಡಿಯ ಲಿಗಮೆಂಟ್ ಹರಿದವರು ಎಷ್ಟೋ ಜನ ವಾಪಸ್ ಮೈದಾನಕ್ಕೆ ಬರುತ್ತಾರೆ. ವಿಲ್ಲಿಸ್ ಮೆಗೇಹಿ ಅಂತ ಮಯಾಮಿ ಯೂನಿವರ್ಸಿಟಿಯ ಆಟಗಾರ. 2003ರ ಜನವರಿಯಲ್ಲಿ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಅವನ ಮಂಡಿ ಎಂಥಾ ರೀತಿಯಲ್ಲಿ ತಿರುಗಿತು ಅಂದರೆ ಟಿವಿಯಲ್ಲಿ ನೋಡಿದವರಿಗೆ ಅವನ ಕಥೆ ಮುಗಿಯಿತು ಅನ್ನಿಸಿತ್ತು. ಅದಕ್ಕೆ ಸ್ವಲ್ಪ ಮೊದಲಷ್ಟೇ 25 ಲಕ್ಷ ಡಾಲರ್‌ನ ಪಾಲಿಸಿ ಮಾಡಿಸಿದ್ದ. ಆದರೂ ಅದೇ ವರ್ಷ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 23ನೆಯವನಾಗಿ ಆಯ್ಕೆಯಾದ, ಆಮೇಲೆ ವರ್ಷಗಟ್ಟಲೆ ಆಡಿದ. ಪಾಲಿಸಿ ದುಡ್ಡಿನ ಪ್ರಶ್ನೆಯೇ ಬರಲಿಲ್ಲ. ಅವನಿಗೆ ಒಳ್ಳೆಯದೇ ಆಯಿತು ಬಿಡಿ.

ನಡುವೆ ಸಿಕ್ಕಿಕೊಳ್ಳುವವರ ಪಾಡು ನೋಡಿ. ಸೌತ್ ಕ್ಯಾರೊಲೈನಾದ ಮಾರ್ಕಸ್ ಲ್ಯಾಟಿಮೋರ್ 2011ರಲ್ಲಿ ಒಂದು ಮಂಡಿ, 2012ರ ಅಕ್ಟೋಬರ್‌ನಲ್ಲಿ ಇನ್ನೊಂದು ಮಂಡಿ ಕೆಡಿಸಿಕೊಂಡ. ನಾಲ್ಕನೇ ಸುತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಅವನನ್ನು ತೆಗೆದುಕೊಂಡಿತು. ಎರಡು ವರ್ಷ ಒದ್ದಾಡಿ, ಒಂದು ಪಂದ್ಯವನ್ನೂ ಆಡದೆ 2014ರ ನವೆಂಬರ್‌ನಲ್ಲಿ ನಿವೃತ್ತನಾದ. ಆಗ ಅವನಿಗೆ ಬರೀ 23 ವರ್ಷ. ಇನ್ನು ಆಗುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡರೆ ಇಷ್ಟು ವರ್ಷದ ಕನಸು ಹೋಯಿತು, ಪ್ರಯತ್ನ ಮಾಡುತ್ತಲೇ ಇದ್ದರೆ "ಇನ್ನೂ ಆಡಬಲ್ಲ" ಅಂತ ಕಂಪನಿ ಹೇಳಲು ಜಾಗ ಸಿಗುತ್ತದೆ. ಇಂಥ ಆಯ್ಕೆಯನ್ನು ಇಪ್ಪತ್ತು ದಾಟಿದ ಹುಡುಗನ ಮುಂದೆ ಇಡುವುದೇ ಕ್ರೂರ ಅಂತ ನನ್ನ ಅಭಿಪ್ರಾಯ. ಅದಕ್ಕೇ ಎಷ್ಟು ಪಂದ್ಯ ಆಡಿದರೆ, ಎಷ್ಟು ದಿನ ಅಭ್ಯಾಸ ಮಾಡಿದರೆ ಕ್ಲೇಮ್ ಕೈತಪ್ಪುತ್ತದೆ ಅಂತ ಪಾಲಿಸಿಯಲ್ಲಿ ಬರೆದಿರುವುದನ್ನು ಹುಡುಕಿ ಓದಿ.

ಎರಡನೆಯದು ಮೌಲ್ಯನಷ್ಟದ ಪಾಲಿಸಿ, ಇಲ್ಲಿ ಲಾಸ್ ಆಫ್ ವ್ಯಾಲ್ಯೂ ಅನ್ನುತ್ತಾರೆ. ಆಟ ನಿಲ್ಲಬೇಕಾಗಿಲ್ಲ, ಗಾಯದಿಂದ ಡ್ರಾಫ್ಟ್‌ನಲ್ಲಿ ಕೆಳಗೆ ಜಾರಿ ಕಾಂಟ್ರಾಕ್ಟ್ ಮೊತ್ತ ಗೊತ್ತುಮಾಡಿದ ಮಿತಿಗಿಂತ ಕಡಿಮೆಯಾದರೆ ದುಡ್ಡು ಬರುತ್ತದೆ. 2011ರಿಂದ ಎನ್‌ಎಫ್‌ಎಲ್‌ನಲ್ಲಿ ಹೊಸಬರ ಸಂಬಳ ಹೆಚ್ಚುಕಡಿಮೆ ಡ್ರಾಫ್ಟ್ ಸಂಖ್ಯೆಗೆ ಕಟ್ಟಿಬಿದ್ದಿದೆ, ಹಾಗಾಗಿ ನಷ್ಟ ಲೆಕ್ಕ ಹಾಕುವುದು ಸುಲಭ. ಇದರಲ್ಲಿ ದುಡ್ಡು ಬಂದಿರುವುದೂ ಉಂಟು. ಆರೆಗನ್‌ನ ಇಫೊ ಎಕ್‌ಪ್ರೆ-ಒಲೊಮು 2014ರ ಡಿಸೆಂಬರ್‌ನಲ್ಲಿ ಮಂಡಿ ಹರಿದುಕೊಂಡು ಏಳನೇ ಸುತ್ತಿಗೆ ಜಾರಿದ, ಅವನಿಗೆ 30 ಲಕ್ಷ ಡಾಲರ್ ಸಿಕ್ಕಿತು. ನೋಟರ್ ಡೇಮ್‌ನ ಜೇಲನ್ ಸ್ಮಿತ್ 2016ರ ಜನವರಿ 1ರಂದು ಗಾಯಗೊಂಡು 34ನೆಯವನಾಗಿ ಆಯ್ಕೆಯಾದ, ಅವನಿಗೆ ಸುಮಾರು 9 ಲಕ್ಷ ಡಾಲರ್ ಬಂತು.

ಈಗ ಅದೇ ಥರದ ಪಾಲಿಸಿ ಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ನೋಡಿ. ಯುಎಸ್‌ಸಿಯ (ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಮಾರ್ಕೀಸ್ ಲೀ 2013ರ ಸೀಸನ್‌ಗೆ ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯಲ್ಲಿ 50 ಲಕ್ಷ ಡಾಲರ್‌ನ ಪಾಲಿಸಿ ಕೊಂಡ, ಪ್ರೀಮಿಯಂ ಸುಮಾರು 95 ಸಾವಿರ ಡಾಲರ್. ಆ ಸೀಸನ್‌ನಲ್ಲಿ ಮಂಡಿಗೆ ಪೆಟ್ಟಾಯಿತು. ಮೊದಲ ಸುತ್ತಿನಲ್ಲಿ ಹೋಗಬೇಕಾದವನು 2014ರಲ್ಲಿ 39ನೆಯವನಾಗಿ ಹೋದ. ಕ್ಲೇಮ್ ಹಾಕಿದರೆ, ಹಿಂದಿನ ಆರೋಗ್ಯದ ಮಾಹಿತಿಯನ್ನು ಅರ್ಜಿಯಲ್ಲಿ ಸರಿಯಾಗಿ ಕೊಟ್ಟಿರಲಿಲ್ಲ ಅನ್ನುವುದು ವಿಮೆಯವರ ತಕರಾರು. 2015ರಲ್ಲಿ ಲೀ ಕೇಸು ಹಾಕಿದ. ಗಮನಿಸಿ, ಪ್ರೀಮಿಯಂ ತೆಗೆದುಕೊಳ್ಳುವಾಗ ಯಾರೂ ಹಳೆಯ ಫೈಲನ್ನು ಇಷ್ಟು ಕೂಲಂಕಷವಾಗಿ ಓದುವುದಿಲ್ಲ. ಕ್ಲೇಮ್ ಬಂದಾಗಲೇ ಓದುತ್ತಾರೆ. ಹೈಸ್ಕೂಲಿನಲ್ಲಿ ತಲೆಗೆ ಬಿದ್ದ ಪೆಟ್ಟು, ತಂಡದ ಗಾಯಗಳನ್ನು ನೋಡಿಕೊಳ್ಳುವ ಟ್ರೈನರ್ ಕೋಣೆಯಲ್ಲಿ ಐಸ್ ಕಟ್ಟಿಸಿಕೊಂಡು ಹೋದ ದಿನ, ಹಿಂದಿನ ವರ್ಷದ ಎಂಆರ್‌ಐ, ಎಲ್ಲವೂ ಆಗ ಹೊರಗೆ ಬರುತ್ತದೆ. ಹುಡುಗರು ಇದನ್ನೆಲ್ಲ ಬೇಕೆಂದೇ ಮುಚ್ಚಿಡುತ್ತಾರೆ ಅಂತಲ್ಲ, ನೋವಿನಲ್ಲೇ ಆಡಿ ಅಭ್ಯಾಸ ಆದವರಿಗೆ ಅದು ಗಾಯ ಅಂತಲೇ ಅನ್ನಿಸಿರುವುದಿಲ್ಲ, ಮೇಲಾಗಿ ಎಷ್ಟೋ ಸಲ ಅರ್ಜಿ ತುಂಬುವುದು ಇನ್ಯಾರೋ, ಹುಡುಗ ಸುಮ್ನೆ ಸಹಿ ಹಾಕಿರುತ್ತಾನೆ.

ಅರ್ಜಿಯೇ ಹೋಗದೆ ಕೆಟ್ಟದ್ದೂ ಇದೆ. ಜಾರ್ಜಿಯಾ ಯೂನಿವರ್ಸಿಟಿಯ ಡೆಕೊರಿ ಬ್ರಯಂಟ್ 2003ರ ಅಕ್ಟೋಬರ್‌ನಲ್ಲಿ ಕುತ್ತಿಗೆಗೆ ಗಾಯವಾಗಿ ಆಟ ಬಿಡಬೇಕಾಯಿತು. ತಾನು ಕೇಳಿದ್ದ ವಿಮೆಯ ಕಾಗದವನ್ನು ಸಕಾಲಕ್ಕೆ ಮುಗಿಸಲಿಲ್ಲ ಅಂತ ಅವನು ಯೂನಿವರ್ಸಿಟಿಯ ಕ್ರೀಡಾ ಸಂಘದ ಮೇಲೇ ಕೇಸು ಹಾಕಿದ. ಆದ್ದರಿಂದ ಪಾಲಿಸಿ ಜಾರಿಯಾಗಿದೆ ಅಂತ ಬರಹದಲ್ಲಿ ಕೈಗೆ ಬರುವವರೆಗೆ ಬಾಯಿಮಾತನ್ನು ನಂಬಬೇಡಿ.

ಇನ್ನೊಂದು ವಿಷಯ, ಇದನ್ನು ಏಜೆಂಟ್ ಹೇಳುವುದಿಲ್ಲ. ಇದೆಲ್ಲ ದೊಡ್ಡ ಕಾಂಟ್ರಾಕ್ಟ್ ಸಿಗುವ ಅಂದಾಜಿರುವ ಬೆರಳೆಣಿಕೆಯ ಹುಡುಗರಿಗೆ. ಉಳಿದ ಸಾವಿರಾರು ಹುಡುಗರ ಗತಿ ಏನು? ಕೂಲಿ ಕೆಲಸದಲ್ಲಿ ಕೈ ಮುರಿದರೂ ಇಲ್ಲಿ ಎಷ್ಟೋ ಕಡೆ ಕಾರ್ಮಿಕ ಪರಿಹಾರ ಇದೆ, ಆಟಗಾರನಿಗೆ ಆ ಬಾಗಿಲು ಮುಚ್ಚಿದೆ. ನಿಮ್ಮ ಹುಡುಗ ಟೆಕ್ಸಾಸ್‌ನಲ್ಲೇ ಇರುವುದರಿಂದ ಕೆಂಟ್ ವಾಲ್‌ಡ್ರೆಪ್ ಕಥೆ ಹೇಳಲೇಬೇಕು. ಫೋರ್ಟ್ ವರ್ತ್‌ನ ಟಿಸಿಯು (ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ಆಟಗಾರ. 1974ರ ಅಕ್ಟೋಬರ್ 26ರಂದು ಅಲಬಾಮ ವಿರುದ್ಧ ಆಡುವಾಗ ಕುತ್ತಿಗೆ ಮುರಿದು ಪಾರ್ಶ್ವವಾಯು ಆಯಿತು. 1993ರಲ್ಲಿ ಟೆಕ್ಸಾಸ್‌ನ ಕಾರ್ಮಿಕ ಪರಿಹಾರ ಆಯೋಗ ಅವನ ಪರ ತೀರ್ಪು ಕೊಟ್ಟಿತು. ವಿಮಾ ಕಂಪನಿ ಒಪ್ಪಲಿಲ್ಲ, ಕೋರ್ಟಿಗೆ ಹೋಯಿತು. 1997ರಲ್ಲಿ ಜ್ಯೂರಿ ಅವನು ನೌಕರ ಅಲ್ಲ ಅಂದಿತು, 2000ದಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಗಾಯವಾಗಿ ಇಪ್ಪತ್ತಾರು ವರ್ಷ ಆಗಿತ್ತು! ಕೊಲರಾಡೊದಲ್ಲಿ 1955ರಲ್ಲಿ ಆಟದಲ್ಲಿ ಪೆಟ್ಟು ಬಿದ್ದು ಸತ್ತ ರೇ ಡೆನಿಸನ್‌ನ ಹೆಂಡತಿಗೂ 1957ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪರಿಹಾರ ಇಲ್ಲ ಅಂದಿತ್ತು. ಆಟಗಾರರು ಹಾಕಿದ್ದ ಕೇಸಿನಲ್ಲಿ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿ ಒಪ್ಪಂದದ ನಂತರ ಯೂನಿವರ್ಸಿಟಿಗಳು ಆಟಗಾರರಿಗೆ ನೇರವಾಗಿ ದುಡ್ಡು ಹಂಚುತ್ತಿವೆ, ಮೊದಲ ವರ್ಷದ ಮಿತಿಯೇ ಒಂದೊಂದು ಯೂನಿವರ್ಸಿಟಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆದರೆ ಆ ಒಪ್ಪಂದ ಅವರನ್ನು ನೌಕರರನ್ನಾಗಿ ಮಾಡಿಲ್ಲ. ದುಡ್ಡು ಕೊಡುವಷ್ಟು ಕೆಲಸ, ಪರಿಹಾರ ಕೊಡುವಷ್ಟು ಕೆಲಸ ಅಲ್ಲ ಅನ್ನುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಸರಿ, ನೀವು ಏನು ಮಾಡಬೇಕು? ಹುಡುಗ ಡ್ರಾಫ್ಟ್‌ನ ಮೊದಲ ಸುತ್ತುಗಳಲ್ಲಿ ಹೋಗುವಂಥವನು ಅಂತ ಏಜೆಂಟ್ ಅಲ್ಲದ ಯಾರಾದರೂ ಹೇಳುತ್ತಿದ್ದಾರಾ ನೋಡಿ. ಇಲ್ಲದಿದ್ದರೆ ಇಷ್ಟು ಪ್ರೀಮಿಯಂ ಕಟ್ಟಬೇಡಿ, ಸಾಲ ಮಾಡಿಯಂತೂ ಬೇಡವೇ ಬೇಡ. ಹೌದು ಅಂತಾದರೆ, ಪ್ರೀಮಿಯಂ ಯೂನಿವರ್ಸಿಟಿ ಕಟ್ಟುತ್ತದಾ ಕೇಳಿ, 2014ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ತನ್ನ ಆಟಗಾರ ಸೆಡ್ರಿಕ್ ಒಗ್ಬುಇಹಿಗೆ ಕಟ್ಟಿತ್ತು. ಅರ್ಜಿಗೆ ಮುಂಚೆ ಹೈಸ್ಕೂಲು, ಕಾಲೇಜು ಎರಡರ ವೈದ್ಯಕೀಯ ದಾಖಲೆಯ ಪೂರ್ತಿ ಪ್ರತಿ ತರಿಸಿ. ಅದನ್ನು ಮುಂದಿಟ್ಟುಕೊಂಡೇ ಅರ್ಜಿ ತುಂಬಿ, ಚಿಕ್ಕದು ದೊಡ್ಡದು ಅಂತ ನೋಡದೆ ಎಲ್ಲ ಬರೆಯಿರಿ. ಹಾಗೆ ಬರೆದರೆ ಹಳೆಯ ಮಂಡಿನೋವನ್ನು ಪಾಲಿಸಿಯಿಂದ ಹೊರಗಿಡುತ್ತಾರೆ, ಇಲ್ಲವೇ ಪ್ರೀಮಿಯಂ ಜಾಸ್ತಿ ಮಾಡುತ್ತಾರೆ. ಮಾಡಲಿ. ಏನಕ್ಕೆ ದುಡ್ಡು ಬರುವುದಿಲ್ಲ ಅಂತ ಈಗಲೇ ಗೊತ್ತಾಗುತ್ತದೆ ಅಲ್ವಾ.

ಕ್ಲೇಮ್ ತಿರಸ್ಕಾರವಾದರೆ, ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಟೆಕ್ಸಾಸ್‌ನ ವಿಮಾ ಇಲಾಖೆಗೆ ದೂರು ಕೊಡಲು ಖರ್ಚಿಲ್ಲ. ವಕೀಲರ ಹತ್ತಿರ ಹೋಗುವಾಗ ಪಾಲಿಸಿಯಲ್ಲಿ ಮಧ್ಯಸ್ಥಿಕೆಯ ಷರತ್ತು ಇದೆಯಾ, ಕೇಸು ಹಾಕಲು ಎಷ್ಟು ಸಮಯ ಇದೆ, ಇವೆರಡನ್ನು ಮೊದಲು ಕೇಳಿ.

ಪಾಲಿಸಿ ಬೇಡ ಅಂತ ನಿರ್ಧರಿಸಿದರೂ ಒಂದು ವಿಷಯ ನೆನಪಿರಲಿ. 2024ರ ಆಗಸ್ಟ್ 1ರಿಂದ ಎನ್‌ಸಿಎಎ (ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ನಿಯಮ ಬದಲಾಗಿದೆ. ಆಟದಿಂದಾದ ಗಾಯಕ್ಕೆ, ಕಾಲೇಜು ಬಿಟ್ಟ ಮೇಲೂ ಎರಡು ವರ್ಷ, ಒಂದು ಗಾಯಕ್ಕೆ 90 ಸಾವಿರ ಡಾಲರ್‌ವರೆಗೆ ಚಿಕಿತ್ಸೆಯ ಖರ್ಚು ನೋಡಿಕೊಳ್ಳುವ ವಿಮೆ ಇದೆ. ಇದು ಕಳೆದುಕೊಂಡ ಸಂಪಾದನೆಗಲ್ಲ, ಆಸ್ಪತ್ರೆ ಬಿಲ್ಲಿಗೆ ಮಾತ್ರ. ಗಾಯ ಆಟದಲ್ಲೇ ಆಗಿದ್ದು ಅಂತ ದಾಖಲೆ ಬೇಕಾಗುತ್ತದೆ, ಆದ್ದರಿಂದ ಚಿಕ್ಕ ನೋವಾದರೂ ಟ್ರೈನರ್ ಹತ್ತಿರ ಬರೆಸಲು ಹುಡುಗನಿಗೆ ಇವತ್ತೇ ಫೋನ್ ಮಾಡಿ ಹೇಳಿ.