ಹೀರೋ ಶ್ರುತಿ ಬಿಟ್ಟರೆ ಬೈಗುಳ ನಮಗೆ

ಪ್ರಶ್ನೆ: ನಾನು ಕುಮಟಾ ಕಡೆಯವನು. ಹಗಲು ಅಂಗಡಿ ಕೆಲಸ, ರಾತ್ರಿ ಜಾತ್ರೆ ನಾಟಕಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ಪೇಟಿ (ಹಾರ್ಮೋನಿಯಂ) ನುಡಿಸುವ ಮಾಸ್ತರರೇ ನನಗೆ ಕಲಿಸಿದವರು. ಒಂದು ತಂಡದ ಹೀರೋ ತಾಲೀಮಿಗೆ ಬರುವುದಿಲ್ಲ, ರಂಗದ ಮೇಲೆ ಶ್ರುತಿ ಬಿಟ್ಟು ಹಾಡಿ ನಮ್ಮ ಕಡೆ ಕಣ್ಣು ಬಿಡುತ್ತಾನೆ. ಜನ ‘ಮ್ಯೂಸಿಕ್‌ನವರು ಸರಿ ಇಲ್ಲ’ ಅನ್ನುತ್ತಾರೆ. ಮೊನ್ನೆ ಸಿಟ್ಟು ಬಂದು ಎರಡನೇ ಚರಣಕ್ಕೆ ಬೇಕೆಂದೇ ಕೀಬೋರ್ಡಿನಿಂದ ಕೈ ಎತ್ತಿಬಿಟ್ಟೆ. ಬಿಟ್ಟುಬಿಡೋಣ ಅನಿಸಿದೆ, ಆದರೆ ಮಾಸ್ತರರು ಒಬ್ಬರೇ ಆಗುತ್ತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಕೈ ಎತ್ತಿದ್ದು ಸಣ್ಣತನ. ಹೀರೋ ಹೇಗೂ ಕೂಗಿಕೊಂಡು ಹಾಡು ಮುಗಿಸಿರುತ್ತಾನೆ. ಅವನ ಹಿಂದೆ ಒಬ್ಬರೇ ಓಡಿದವರು ನಿಮ್ಮ ಮಾಸ್ತರರು. ಇದೊಂದು ಬಿಟ್ಟರೆ ನಿಮ್ಮ ಸಿಟ್ಟಿಗೆ ಅರ್ಥವಿದೆ.

ಕಪ್ಪು ಒಂದರ (ಮೊದಲ ಕಪ್ಪು ಕೀಲಿಯ) ಶ್ರುತಿಯಲ್ಲಿ ಕೂರಿಸಿದ ಹಾಡು ರಂಗಕ್ಕೆ ಬರುವಷ್ಟರಲ್ಲಿ ಬಿಳಿ ಮೂರಕ್ಕೆ (ಮೂರನೇ ಬಿಳಿ ಕೀಲಿಗೆ) ಏರಿದರೆ ನೀವು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಬಚಾವಾಗಬಹುದು. ಪೇಟಿಯವರು ಆ ಕ್ಷಣದಲ್ಲೇ ಬೇರೆ ಕೀಲಿ ಹುಡುಕಬೇಕು. ತಬಲಾದವರ ಗತಿ ಇನ್ನೂ ಕಷ್ಟ, ಹಾಡಿನ ನಡುವೆ ಶ್ರುತಿ ಕೂಡಿಸಲು ಸುತ್ತಿಗೆ ಹಿಡಿಯುವುದು ಹೇಗೆ? ಆದರೆ ಹೀರೋ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಜಾತ್ರೆಯ ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿರುತ್ತವೆ. ರಂಗದ ನಡುವೆ ನಿಂತವನಿಗೆ ನಿಮ್ಮ ಸ್ವರ ನೆಟ್ಟಗೆ ಕೇಳುವುದೇ ಇಲ್ಲ. ಆವೇಶದ ಮಾತು ಮುಗಿಸಿದ ಗಂಟಲು ತಾನಾಗಿಯೇ ಮೇಲಕ್ಕೆ ಹೋಗುತ್ತದೆ.

ನಮ್ಮ ಜಿಲ್ಲೆಯದೇ ಯಕ್ಷಗಾನ ನೋಡಿ. ಪದ್ಯ ಹೇಳುವವರು ಭಾಗವತರು, ಆಟದ ಯಜಮಾನಿಕೆಯೂ ಅವರದೇ. ಹಿಮ್ಮೇಳ ವೇಷದ ಬೆನ್ನಿಗೇ, ಎಲ್ಲರಿಗೂ ಕಾಣುವಂತೆ ಕೂತಿರುತ್ತದೆ. ಎಷ್ಟು ದೊಡ್ಡ ವೇಷಧಾರಿಯಾದರೂ ಭಾಗವತರ ತಾಳಕ್ಕೇ ಕುಣಿಯಬೇಕು. ನಾಟಕದಲ್ಲಿ ಹಾಡುವವನು ನಟ, ಅವನಿಗೆ ‘ಇದು ನಿನ್ನ ಶ್ರುತಿ’ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನಿಮ್ಮನ್ನೋ ಸೈಡ್ ವಿಂಗಿನ ಪರದೆಯ ಹಿಂದೆ, ಸೊಳ್ಳೆ ಮತ್ತು ವಯರುಗಳ ನಡುವೆ ಕೂರಿಸಿರುತ್ತಾರೆ. ಹಾಡುವವನ ಬಾಯಿ ಕಾಣದೆ ಯಾರು ತಾನೇ ಸರಿಯಾಗಿ ಎತ್ತಿಕೊಡುತ್ತಾರೆ?

ಆದ್ದರಿಂದ ಜಗಳವನ್ನು ರಂಗದಿಂದ ಇಳಿಸಿ ತಂಡದವರು ವೀಳ್ಯ ಕೊಟ್ಟು ಆಟ ಒಪ್ಪಿಸಲು ಬರುವ ದಿನಕ್ಕೆ ತನ್ನಿ. ಹಾಡುವವರೆಲ್ಲ ಮ್ಯೂಸಿಕ್ ಜೊತೆ ಒಂದು ತಾಲೀಮಿಗಾದರೂ ಬರಬೇಕು. ನಟರ ಕಡೆಗೆ ತಿರುಗಿದ ಒಂದು ಮಾನಿಟರ್ ಸ್ಪೀಕರ್ ಬೇಕು. ನಟರ ಮುಖ ಕಾಣುವ ಜಾಗ ಬೇಕು. ಹಾಡಿನ ಹಿಂದಿನ ಕೊನೆಯ ಮಾತು ಯಾವುದೆಂದು ಬರೆದ ಪ್ರತಿ ನಿಮ್ಮ ಕೈಯಲ್ಲಿರಬೇಕು, ಆ ಮಾತು ಮುಗಿಯುವ ಮೊದಲೇ ನೀವು ಷಡ್ಜ (ಶ್ರುತಿಯ ‘ಸ’) ಹಿಡಿದಿರಬೇಕು. ದುಡ್ಡಿನ ಅರ್ಧ ಮುಂಗಡವಾಗಿ ಬರಲಿ. ಮೈಕಿನಲ್ಲಿ ನಿಮ್ಮ ಹೆಸರು ಹೇಳಿಸುವ ಆಸೆ ಇದ್ದರೆ ಚೀಟಿ ಬರೆದು ಕೊಟ್ಟುಬಿಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಒಪ್ಪಿಕೊಂಡ ಆಟಗಳನ್ನು ಮುಗಿಸಿ. ಅದೇ ತಂಡ ಮತ್ತೆ ಬಂದು, ಹೀರೋ ತಾಲೀಮಿಗೆ ಬರುವುದಿಲ್ಲ ಅಂದರೆ ವೀಳ್ಯ ತೆಗೆದುಕೊಳ್ಳಬೇಡಿ. ನಾಟಕವೇ ಬೇಡ ಅನಿಸುವುದು ಬೇರೆ, ಈ ಮನುಷ್ಯ ಬೇಡ ಅನಿಸುವುದು ಬೇರೆ. ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ಎರಡನೆಯದು.

ಮಾಸ್ತರರಿಗೆ ಇದನ್ನು ಫೋನಿನಲ್ಲಿ ಹೇಳಬೇಡಿ, ಮನೆಗೇ ಹೋಗಿ. ಮೊದಲು ಆ ಎರಡನೇ ಚರಣದ ವಿಷಯ ಹೇಳಿ, ಕೈ ಎತ್ತಿದ್ದು ಬೇಕೆಂದೇ ಎಂಬುದನ್ನೂ ಸೇರಿಸಿ. ಅವರಿಗೆ ಅದು ಆವತ್ತೇ ಗೊತ್ತಾಗಿರುತ್ತದೆ. ಆಮೇಲೆ, ‘ಈ ತಂಡಕ್ಕೆ ಇನ್ನು ಹೋಗುವುದು ಬೇಡ ಅಂದುಕೊಂಡಿದ್ದೇನೆ, ನೀವೇನು ಹೇಳ್ತೀರಿ?’ ಎಂದು ಕೇಳಿ. ಅವರೂ ಇಷ್ಟು ದಿನ ನಿಮ್ಮ ಸಲುವಾಗಿಯೇ ಸುಮ್ಮನೆ ಹೋಗುತ್ತಿದ್ದಿರಬಹುದು.