ಪಕ್ಕದ ಕ್ಲಾಸಿಗೆ ಕೇಳದ ಚಪ್ಪಾಳೆ ಯಾವುದಿದೆ?

ಪುಟ್ಟ ಮಕ್ಕಳನ್ನು ಮೆಚ್ಚಿಕೊಳ್ಳಬೇಕು, ಆದರೆ ಚಪ್ಪಾಳೆಯ ಗದ್ದಲ ಪಕ್ಕದ ಕ್ಲಾಸಿಗೆ ಹೋಗಬಾರದು, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಮಾಧ್ಯಮದ ಟೀಚರ್. ನಮ್ಮದು ಒಂದೇ ಉದ್ದದ ಹಾಲ್, ನಾಲ್ಕು ಕ್ಲಾಸುಗಳ ನಡುವೆ ಮರದ ಅಡ್ಡ ಮರೆ ಅಷ್ಟೆ. ಈಚೆ ಚಪ್ಪಾಳೆ ಬಿದ್ದರೆ ಆಚೆ ಮಗ್ಗಿ ಹೇಳುತ್ತಿದ್ದವರಿಗೆ ತಪ್ಪಿಹೋಗುತ್ತದೆ.

ನಮ್ಮ ಮಕ್ಕಳಿಗೆ ತುಂಬಾ ಇಷ್ಟ ಮಳೆ ಚಪ್ಪಾಳೆ. ಎಡ ಅಂಗೈ ಮೇಲೆ ಬಲಗೈಯ ಒಂದೇ ಬೆರಳಿನಿಂದ ತಟ್ಟಬೇಕು. ಅದು ತುಂತುರು. ಆಮೇಲೆ ಎರಡು ಬೆರಳು, ಮೂರು, ನಾಲ್ಕು. ಜೂನ್‌ನಲ್ಲಿ ಶಾಲೆ ಶುರುವಾಗುವಾಗಲೇ ಇಲ್ಲಿ ಮಳೆ ಹಿಡಿಯುತ್ತದಲ್ವಾ, ಹಂಚಿನ ಮೇಲೆ ಹನಿ ಬೀಳುವ ಸದ್ದು ಮಕ್ಕಳಿಗೆ ಚೆನ್ನಾಗಿ ಗೊತ್ತು. ನಾಲ್ಕು ಬೆರಳಿಗೇ ನಿಲ್ಲಿಸಿ. ಇಡೀ ಅಂಗೈ ಸೇರಿದರೆ ಮತ್ತೆ ಅದೇ ಗದ್ದಲ. ಅಲ್ಲಿಂದ ಮೂರು, ಎರಡು, ಒಂದು ಅಂತ ಇಳಿಸಿ, ಕೊನೆಗೆ ಕೈ ಮಡಿಲಲ್ಲಿ. ಮಳೆ ಬಿಟ್ಟಿತು. ಇಳಿಯುತ್ತಾ ಬಂದ ಹಾಗೆ ಕ್ಲಾಸು ತಾನಾಗಿ ಸುಮ್ಮನಾಗುತ್ತದೆ, ನೀವು ಗಂಟಲು ಹರಿದುಕೊಳ್ಳಬೇಕಾಗಿಲ್ಲ.

ಸದ್ದೇ ಇಲ್ಲದ್ದು ಬೇಕಾದರೆ ಎರಡೂ ಕೈ ಮೇಲೆತ್ತಿ, ಬೆರಳು ಅಗಲಿಸಿ, ಮಣಿಕಟ್ಟು ತಿರುಗಿಸುತ್ತಾ ಅಲ್ಲಾಡಿಸುವುದು. ಕಿವಿ ಕೇಳದವರು ಚಪ್ಪಾಳೆ ಹೊಡೆಯುವುದೇ ಹೀಗೆ. ಮಕ್ಕಳಿಗೆ ಇದನ್ನೂ ಹೇಳಿಕೊಡಿ, ಸುಮ್ನೆ ಆಟ ಅಂತ ಬಿಡಬೇಡಿ. ಕಟ್ಟೆಯ ಅಶ್ವತ್ಥ ಮರ ನೋಡಿ ನಮ್ಮವರು ಇದಕ್ಕೆ ಎಲೆ ಚಪ್ಪಾಳೆ ಅಂತ ಹೆಸರಿಟ್ಟಿದ್ದಾರೆ.

ನಮ್ಮಲ್ಲಿ ಎರಡನೇ ಕ್ಲಾಸಿನಲ್ಲಿ ಕಿವಿಗೆ ಮಿಷನ್ ಹಾಕುವ ಒಬ್ಬಳು ಹುಡುಗಿ ಇದ್ದಳು. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಎರಡೂ ಕೈಯಿಂದ ಕಿವಿ ಮುಚ್ಚಿ ಡೆಸ್ಕಿಗೆ ತಲೆ ಇಡುತ್ತಿದ್ದಳು. ಅವಳನ್ನು ಹೊಗಳಲು ತಟ್ಟಿದಾಗಲೂ ಅಷ್ಟೇ. ನನಗೆ ಇದು ಹೊಳೆಯಲು ಒಂದು ತಿಂಗಳು ಬೇಕಾಯಿತು, ಇವತ್ತಿಗೂ ಆ ಬೇಸರ ಹೋಗಿಲ್ಲ. ಎಲೆ ಚಪ್ಪಾಳೆ ಶುರು ಮಾಡಿದ ಮೇಲೆ ಒಂದು ದಿನ ಪಾಠದ ನಾಲ್ಕು ಸಾಲು ಓದಿ ತಲೆ ಎತ್ತಿದಳು. ಇಪ್ಪತ್ತು ಜೊತೆ ಕೈಗಳು ಮೇಲೆ ಅಲ್ಲಾಡುತ್ತಿದ್ದವು. ಒಂದೊಂದನ್ನೇ ನೋಡಿದಳು. ಆಮೇಲೆ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ತಾನೂ ಕೈ ಎತ್ತಿದಳು.

ಇಲ್ಲಿ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಇರುತ್ತಾರೆ. ಹೊಸದಾಗಿ ಬಂದವರಿಗೆ ‘ಭೇಷ್’ ಅಂದರೆ ಅರ್ಥವಾಗದೆ ಇರಬಹುದು, ಎಲೆ ಆಡಿಸಿದರೆ ಮುಖ ಅರಳುತ್ತದೆ.

ತೊಡೆಯ ಮೇಲೆ ತೋರುಬೆರಳುಗಳಿಂದ ಚೆಂಡೆ ಬಾರಿಸುವುದೂ ಇದೆ. ಯಕ್ಷಗಾನ ನೋಡಿದ ಮಕ್ಕಳಿಗೆ ಅದು ಪ್ರಾಣ, ಆದರೆ ಬಾರಿಸುವುದು ಬೇಗ ತೊಡೆಯಿಂದ ಡೆಸ್ಕಿಗೆ ಏರುತ್ತದೆ. ಶುಕ್ರವಾರ ಕೊನೆಯ ಪೀರಿಯಡ್‌ಗೆ ಇಟ್ಟುಕೊಳ್ಳಿ.

ಮೊದಲ ವಾರ ಮಳೆ ಮತ್ತು ಎಲೆ ಎರಡೇ ಸಾಕು. ಯಾವುದು ಬೇಕು ಅಂತ ಓದಿದ ಮಗುವನ್ನೇ ಕೇಳಿ.