ಎರಡನೇ ಕಾರು: ಅತ್ತೆಯವರ ಮಾತೇ ಸರಿ

ಪತ್ರ: ನಾವು ಹುಬ್ಬಳ್ಳಿಯ ನವನಗರದಲ್ಲಿದ್ದೇವೆ. ಸ್ವಂತ ಮನೆ, ಗೇಟಿನ ಒಳಗೆ ಎರಡು ಗಾಡಿ ನಿಲ್ಲುವಷ್ಟು ಜಾಗ. ಏಳು ಸೀಟಿನ ಡೀಸೆಲ್ ಕಾರು ಇದೆ, ಅದನ್ನು ಯಜಮಾನರು ಕೆಲಸಕ್ಕೆ ಅಂತ ದಿನಾ ಗದಗಕ್ಕೆ ಒಯ್ಯುತ್ತಾರೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಏಳು ತಿಂಗಳು, ಜೊತೆಗೆ ಮಂಡಿನೋವಿನ ಅತ್ತೆ. ನನ್ನ ಓಡಾಟಕ್ಕೆ ಎರಡನೇ ಕಾರು ಬೇಕು, ಆನ್ ರೋಡ್ 12 ಲಕ್ಷದ ಒಳಗೆ. ಅಪ್ಪನ ಮಾರುತಿ 800ರಲ್ಲಿ ಹಾವೇರಿಯ ಓಣಿಗಳಲ್ಲಿ ಡ್ರೈವಿಂಗ್ ಕಲಿತವಳು ನಾನು, ಓಡಿಸುವ ಖುಷಿಯೂ ಬೇಕು. ನನ್ನ ಮನಸ್ಸು ಸೆಕೆಂಡ್ ಹ್ಯಾಂಡ್ ಹ್ಯುಂಡೈ ಐ20 ಎನ್ ಲೈನ್ ಮೇಲಿದೆ. ಯಜಮಾನರು ಏಳು ಸೀಟಿನ ರೆನೋ ಟ್ರೈಬರ್ ಅನ್ನುತ್ತಾರೆ, ಸಂಸಾರ ಬೆಳೀತಿದೆ ಅಂತ. ಅತ್ತೆ ಕೇಳೋದು ಒಂದೇ: "ಹತ್ತಲಿಕ್ಕೆ ಇಳೀಲಿಕ್ಕೆ ಸಲೀಸಿರಲಿ." ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ: ಅತ್ತೆಯವರ ಮಾತು ಕೇಳಿ. ತಮಾಷೆ ಮಾಡುತ್ತಿಲ್ಲ. ಮೂವರಲ್ಲಿ ಕಾರಿನ ಹೆಸರು ಹೇಳದೆ, ಕಾರಿನಿಂದ ಏನಾಗಬೇಕು ಅಂತ ಹೇಳಿದವರು ಅವರೊಬ್ಬರೇ.

ಮೊದಲು ಯಜಮಾನರ ವಾದ ಮುಗಿಸಿಬಿಡೋಣ. ಟ್ರೈಬರ್ ಜಾಣತನದ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ಮೀಟರಿನ ಒಳಗೆ ಏಳು ಸೀಟು ಕೂರಿಸಿದ್ದಾರೆ. ಮೂರನೇ ಸಾಲನ್ನು ಪೂರ್ತಿ ಕಿತ್ತು ಮನೆಯಲ್ಲಿಟ್ಟರೆ 625 ಲೀಟರ್ ಡಿಕ್ಕಿ ಸಿಗುತ್ತದೆ. ಆದರೆ ಏಳೂ ಸೀಟು ಇದ್ದಾಗ ಉಳಿಯೋದು 84 ಲೀಟರ್, ಎರಡು ಕೈಚೀಲಕ್ಕೆ ಮುಗಿಯಿತು. ಇಂಜಿನ್ ಒಂದು ಲೀಟರಿನದು, ಶಕ್ತಿ 72 ಪಿಎಸ್. ತುಂಬಿದ ಗಾಡಿ ಏರು ಹತ್ತುವಾಗ ಎಸಿ ಆಫ್ ಮಾಡೋಣವಾ ಅನ್ನಿಸುತ್ತದೆ. ಅಷ್ಟಕ್ಕೂ ಏಳು ಸೀಟಿನ ಗಾಡಿ ನಿಮ್ಮ ಮನೆಯಲ್ಲಿ ಆಗಲೇ ಇದೆ. ಊರಿಗೆ, ಮದುವೆಗೆ, ಯಾತ್ರೆಗೆ ಅದು ಹೋಗುತ್ತದೆ. ಸಂಸಾರ ಬೆಳೆದದ್ದು ಆ ಗಾಡಿಯ ಹೊಣೆ. ಎರಡನೆಯದು ನಿಮ್ಮ ದಿನದ ಮೂವತ್ತು ಕಿಲೋಮೀಟರಿಗೆ ಒಪ್ಪಿದರೆ ಸಾಕು. ಹೊರೆ ಇಷ್ಟು ಕಡಿಮೆ ಇರೋದರಿಂದಲೇ ನಿಮ್ಮ ಖುಷಿಗೂ ಇಲ್ಲಿ ಜಾಗವಿದೆ.

ಈಗ ನಿಮ್ಮ ಎನ್ ಲೈನ್. 2021ರಲ್ಲಿ ಬಂದದ್ದು, ಒಂದು ಲೀಟರ್ ಟರ್ಬೊ, 120 ಪಿಎಸ್, ಎಳೆತ 172 ಎನ್‌ಎಂ. ಓಡಿಸಲು ಸೊಗಸು, ನನಗೂ ಇಷ್ಟ. ಆದರೆ ಒಂದು ವಿಷಯ ನೀವು ಗಮನಿಸಿದ ಹಾಗಿಲ್ಲ. ಶುರುವಿನಲ್ಲಿ ಅದು ಬಂದದ್ದು ಐಎಂಟಿ ಮತ್ತು ಡಿಸಿಟಿ ಗೇರ್‌ಬಾಕ್ಸುಗಳಲ್ಲಿ ಮಾತ್ರ. ಐಎಂಟಿ ಅಂದರೆ ಗೇರ್ ಲಿವರ್ ಇರುತ್ತದೆ, ಕ್ಲಚ್ ಪೆಡಲ್ ಇರುವುದಿಲ್ಲ. ಡಿಸಿಟಿ ಅಂದರೆ ಗೇರ್ ತಾನೇ ಬದಲಾಗುವ ಆಟೊಮ್ಯಾಟಿಕ್. ಸರಿಯಾದ ಕ್ಲಚ್ ಇರುವ ಮ್ಯಾನುಯಲ್ ಬಂದದ್ದು 2023ರಲ್ಲಿ. ಮಾರುತಿ 800ರಲ್ಲಿ ಕಲಿತ ಕಾಲಿಗೆ ಎಡಗಡೆ ಏನೂ ಸಿಗದಿದ್ದರೆ ಬೇಜಾರಾಗುತ್ತದೆ ಅಲ್ವಾ? ಹಳೆಯದನ್ನೇ ಹುಡುಕುವುದಾದರೆ 2023ರ ನಂತರದ್ದನ್ನು ನೋಡಿ. ಇನ್ನೊಂದು, ಅದರ ಸಸ್ಪೆನ್ಷನ್ ಬಿಗಿ. ಹೈವೇ ತಿರುವಿನಲ್ಲಿ ಅದೇ ಚೆಂದ. ನಮ್ಮ ಹಂಪುಗಳ ಮೇಲೆ, ಹಿಂದೆ ಆಗಷ್ಟೇ ಕಣ್ಣು ಮುಚ್ಚಿದ ಏಳು ತಿಂಗಳ ಕೂಸು ಇದ್ದಾಗ, ಅದೇ ಚೆಂದ ನಿಮ್ಮನ್ನು ಅಳಿಸುತ್ತದೆ.

ಇನ್ನು ಖುಷಿ ಎಲ್ಲಿ ಸಿಗುತ್ತದೆ ಅನ್ನೋದು. ನಿಮ್ಮ ದಾರಿಯನ್ನೇ ನೋಡಿ. ಬಿಆರ್‌ಟಿಎಸ್ ಬಂದ ಮೇಲೆ ಮಧ್ಯದ ದಾರಿ ಚಿಗರಿ ಬಸ್ಸಿನದು, ನಮಗೆ ಪಕ್ಕದ್ದು. ಅಲ್ಲಿ ಟಂಟಂ, ಬೈಕು, ಟ್ರ್ಯಾಕ್ಟರು, ರಾಂಗ್ ಸೈಡಿನಲ್ಲಿ ಬರುವ ಅಣ್ಣಂದಿರು, ನಡುವೆ ಸಿಗ್ನಲ್ಲು, ಯು ಟರ್ನು. ಈ ರಸ್ತೆಯಲ್ಲಿ 120 ಪಿಎಸ್ ಇದ್ದರೂ ಅದರಲ್ಲಿ ಅರ್ಧ ಬಳಸಲು ಜಾಗ ಸಿಗುವುದಿಲ್ಲ. ಬೇಕಾದದ್ದು ನಿಂತಲ್ಲಿಂದ ಐವತ್ತು ಅರವತ್ತರವರೆಗೆ ಚುರುಕಾಗಿ ಹೋಗುವ ಗಾಡಿ, ಹಗುರ ಸ್ಟೀರಿಂಗು, ಸುತ್ತ ಕಾಣುವ ಗಾಜು. ನವಲೂರಿನ ಏರಿನಲ್ಲಿ ಮುಂದಿನ ಲಾರಿಯನ್ನು ದಾಟುವಾಗ ಕಾಲಿಟ್ಟ ಕೂಡಲೇ ಎಳೆಯಬೇಕು, ಅಷ್ಟೆ. ನಗರದ ಮಟ್ಟಿಗೆ ಇದನ್ನು ಚೆನ್ನಾಗಿ ಮಾಡೋದು ಎಲೆಕ್ಟ್ರಿಕ್ ಕಾರು.

ಹೌದು, ಗೇರಿಲ್ಲ. ಗೊತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಹಿಂದಿನ ಬಾಗಿಲ ಹತ್ತಿರ ನಿಲ್ಲೋಣ. ಕಾರು ವಿಮರ್ಶೆಗಳಲ್ಲಿ ಹೆಚ್ಚು ಬರೆಯದೆ ಬಿಡುವ ಜಾಗ ಅದು. ಏಳು ತಿಂಗಳ ಮಗುವಿಗೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಚೈಲ್ಡ್ ಸೀಟು ಬೇಕು. ಕನಿಷ್ಠ ಹದಿನೈದು ತಿಂಗಳವರೆಗೆ ಹಾಗೇ ಇರಲಿ, ಆಮೇಲೂ ಸಾಧ್ಯವಾದಷ್ಟು ದಿನ. ಈ ಸೀಟು ಒರಗಿಕೊಂಡೇ ಕೂರುತ್ತದೆ, ಹಾಗಾಗಿ ಮುಂದಿನ ಸೀಟನ್ನು ತಳ್ಳುತ್ತದೆ. ಸಣ್ಣ ಕಾರಿನಲ್ಲಿ ಅದನ್ನು ಎಡಗಡೆ ಇಟ್ಟರೆ, ಮುಂದೆ ಎಡಗಡೆ ಕೂತ ಅತ್ತೆಯವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗಬಹುದು. ಬಲಗಡೆ ಇಟ್ಟರೆ ನೀವು ಸ್ಟೀರಿಂಗಿಗೆ ಅಂಟಿಕೊಂಡು ಓಡಿಸಬೇಕು. ಹಿಂದಿನ ಸಾಲಿನಲ್ಲಿ ಎರಡು ಮಕ್ಕಳ ಸೀಟು ಇಟ್ಟು ನಡುವೆ ಅತ್ತೆಯವರನ್ನು ಕೂರಿಸುವ ಆಸೆ ಬಿಡಿ, ನಾಲ್ಕು ಮೀಟರಿನ ಕಾರುಗಳಲ್ಲಿ ಆ ಅಗಲ ಇಲ್ಲ. ಅವರ ಜಾಗ ಮುಂದೆಯೇ. ಮಗುವಿನ ಸೀಟನ್ನು ಮಾತ್ರ ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಯಾವತ್ತೂ ಇಡಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದು ನೇರ ಆ ಸೀಟಿನ ಬೆನ್ನಿಗೇ ಬಡಿಯುತ್ತದೆ.

"ತೊಡೆ ಮೇಲೆ ಕೂರಿಸಿಕೊಂಡರಾಯಿತು, ನಾವೆಲ್ಲ ಹಾಗೇ ಬೆಳೆದದ್ದು" ಅನ್ನುವವರು ಮನೆಗೊಬ್ಬರು ಇರುತ್ತಾರೆ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 14 ವರ್ಷದ ಒಳಗಿನ ಮಕ್ಕಳಿಗೆ ಬೆಲ್ಟು ಅಥವಾ ಚೈಲ್ಡ್ ಸೀಟು ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ. ದಂಡದ ಮಾತು ಇರಲಿ. ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಮಗುವನ್ನು ಹಿಡಿದುಕೊಳ್ಳುವ ಶಕ್ತಿ ಯಾವ ತೋಳಿಗೂ ಇಲ್ಲ.

ಇನ್ನು ದಿನಾ ಬೆಳಿಗ್ಗೆ ಏನಾಗುತ್ತದೆ ನೋಡಿ. ಮಗುವನ್ನು ಎತ್ತಿಕೊಂಡು, ಸೊಂಟ ಬಗ್ಗಿಸಿ, ಅರ್ಧ ತೆರೆದ ಬಾಗಿಲ ಸಂದಿಯಲ್ಲಿ ತಲೆ ತೂರಿಸಿ, ಬಕಲ್ ಹುಡುಕಬೇಕು. ತಗ್ಗು ಕಾರಾದರೆ ಬೆನ್ನು ಹಿಡಿಯುತ್ತದೆ. ಬಾಗಿಲು ಪೂರ್ತಿ ತೆರೆಯದಿದ್ದರೆ ಮಗುವಿನ ತಲೆ ಕಂಬಿಗೆ ತಾಗುತ್ತದೆ. ಟಾಟಾದ ಪಂಚ್ ಮತ್ತು ಆಲ್ಟ್ರೋಜ್ ಎರಡರಲ್ಲೂ ಬಾಗಿಲು ಹೆಚ್ಚುಕಮ್ಮಿ 90 ಡಿಗ್ರಿ ತೆರೆಯುತ್ತದೆ. ಜಾಹೀರಾತಿನಲ್ಲಿ ಅದು ಸುಮ್ನೆ ಒಂದು ಸಾಲು, ನಿಮಗೆ ದಿನಕ್ಕೆ ನಾಲ್ಕು ಸಲದ ನೆಮ್ಮದಿ. ಇವುಗಳಲ್ಲಿ ಎತ್ತರ ಸರಿಯಾಗಿರೋದು ಪಂಚ್‌ನದು. ಅತ್ತೆಯವರು ಕೆಳಗೆ ಕುಸಿಯುವ ಹಾಗಿಲ್ಲ, ಮೇಲೆ ಹತ್ತುವ ಹಾಗೂ ಇಲ್ಲ, ಮಂಚದ ಅಂಚಿನಲ್ಲಿ ಕೂತ ಹಾಗೆ ಕೂತು ಕಾಲು ಒಳಗೆ ತಿರುಗಿಸಿದರಾಯಿತು.

ಹಾಗಾಗಿ ನನ್ನ ವೋಟು ಪಂಚ್ ಇವಿಗೆ. ದೊಡ್ಡ ಬ್ಯಾಟರಿ ಬೇಡ, ಸಣ್ಣದು ಸಾಕು. 2024ರಲ್ಲಿ ಬಂದಾಗ ಸಣ್ಣ ಬ್ಯಾಟರಿ 25 ಕಿಲೋವ್ಯಾಟ್ ಅವರ್, ಒಂದು ಚಾರ್ಜಿಗೆ ಕಂಪನಿ ಹೇಳಿದ ಓಟ 315 ಕಿ.ಮೀ. ಆ ಅಂಕಿ ನಂಬಿ ಹೊರಡಬೇಡಿ, ಊರೊಳಗೆ ಅದರ ಮೂರನೇ ಎರಡು ಭಾಗ ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟಾದರೂ ನಿಮಗೆ ಆರು ದಿನದ ಓಡಾಟ. ಭಾರತ್ ಎನ್‌ಕ್ಯಾಪ್ ಅನ್ನುವ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ಅದಕ್ಕೆ ದೊಡ್ಡವರ ವಿಭಾಗದಲ್ಲಿ 32ಕ್ಕೆ 31.46, ಮಕ್ಕಳ ವಿಭಾಗದಲ್ಲಿ 49ಕ್ಕೆ 45 ಅಂಕ, ಎರಡರಲ್ಲೂ ಐದು ಸ್ಟಾರ್. ಮಕ್ಕಳ ಸ್ಟಾರನ್ನು ಬೇರೆಯಾಗಿಯೇ ಕೇಳಿ. ಆಲ್ಟ್ರೋಜ್ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಪಡೆದಾಗ ಮಕ್ಕಳ ವಿಭಾಗದಲ್ಲಿ ಸಿಕ್ಕದ್ದು ಮೂರೇ. ಷೋರೂಮಿನವರು ಹೇಳೋದು ಮೊದಲನೆಯದನ್ನು ಮಾತ್ರ.

ಚಾರ್ಜಿನ ವಿಷಯ ಜನ ಸುಮ್ಮನೆ ದೊಡ್ಡದು ಮಾಡುತ್ತಾರೆ. ಒಂದು ಯೂನಿಟ್ಟಿಗೆ ಏಳೆಂಟು ಕಿಲೋಮೀಟರ್ ಅಂದರೂ ನಿಮ್ಮ ದಿನಕ್ಕೆ ನಾಲ್ಕು ಯೂನಿಟ್ಟು ಸಾಕು. 15 ಆಂಪಿನ ಪ್ಲಗ್ಗಿನಲ್ಲಿ ಎರಡು ಗಂಟೆಯ ಕೆಲಸ. ಅಡ್ಡಮಳೆಗೆ ರಾತ್ರಿಯೆಲ್ಲ ಕರೆಂಟು ಹೋದರೂ ಮರುದಿನ ಕಾಲೇಜು ತಪ್ಪುವುದಿಲ್ಲ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರೋದರಿಂದ ಹೋಗುವಾಗ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಬರುವಾಗ ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಒಂದಿಷ್ಟು ವಾಪಸ್ ತುಂಬಿಕೊಳ್ಳುತ್ತದೆ. ಆದರೆ ಒಂದು ಲೆಕ್ಕ ಮೊದಲೇ ಹಾಕಿ. ನೀವು ಗೃಹಜ್ಯೋತಿಯಲ್ಲಿದ್ದರೆ ತಿಂಗಳಿಗೆ ಇನ್ನೂ ನೂರು ಯೂನಿಟ್ಟಿನ ಮೇಲೆ ಕಾರೇ ಕುಡಿಯುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಲಾಭವೇ, ಆದರೆ ಮೊದಲ ಬಿಲ್ಲು ಬಂದಾಗ ಮನೆಯಲ್ಲಿ ಜಗಳ ಆಗದಿರಲಿ ಅಂತ ಹೇಳಿದೆ.

ತವರಿನ ದಾರಿಯೇ ಇದರ ತೊಡಕು. ಹಾವೇರಿಗೆ ಹೋಗಿ ಬರೋದು ನೂರೈವತ್ತು ಕಿಲೋಮೀಟರಿನ ಮೇಲಾಗುತ್ತದೆ. ಹೈವೇಯಲ್ಲಿ ತೊಂಬತ್ತರ ಮೇಲೆ ಓಡಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಸಣ್ಣ ಬ್ಯಾಟರಿಯಲ್ಲಿ ಎದೆ ಡವಡವ. ಅಪ್ಪನ ಮನೆಯಲ್ಲಿ ಅರ್ತಿಂಗ್ ಸರಿ ಇರುವ ಒಂದು 15 ಆಂಪ್ ಪ್ಲಗ್ ಹಾಕಿಸಿಬಿಡಿ. ಊಟ, ಒಂದು ನಿದ್ದೆ, ಚಹಾ ಆಗುವಷ್ಟರಲ್ಲಿ ವಾಪಸ್ ಬರುವಷ್ಟು ತುಂಬಿರುತ್ತದೆ. ತವರಿಗೆ ಹೋದವರು ಗಂಟೆಯಲ್ಲಿ ಹೊರಟು ಬಂದದ್ದು ನಾನಂತೂ ಕಂಡಿಲ್ಲ. ದಾಂಡೇಲಿ, ಅರಬೈಲು ಘಾಟಿಗೆಲ್ಲ ದೊಡ್ಡ ಗಾಡಿ ಇದ್ದೇ ಇದೆ. ಭಾನುವಾರ ಅದರ ಕೀಲಿ ನೀವು ಇಸಿದುಕೊಳ್ಳಿ, ಯಜಮಾನರು ಪಕ್ಕದಲ್ಲಿ ಕೂರಲಿ.

ಈಗ ಗೇರಿನ ಮಾತು. ಗೇರಿಲ್ಲದ್ದು ಕಾರೇ ಅಲ್ಲ ಅಂತ ನಿಮಗೆ ನಿಜವಾಗಿ ಅನ್ನಿಸಿದರೆ ನನ್ನ ಎರಡನೇ ವೋಟು ಪೆಟ್ರೋಲ್ ಆಲ್ಟ್ರೋಜ್ ಮ್ಯಾನುಯಲ್‌ಗೆ. 345 ಲೀಟರ್ ಡಿಕ್ಕಿ, ನೆಲ ಕಚ್ಚಿ ಓಡುವ ಗುಣ, ಒಳ್ಳೆಯ ಸ್ಟೀರಿಂಗು. ಇಂಜಿನ್ ಮಾತ್ರ ಸಪ್ಪೆ, ಅದನ್ನು ಮುಚ್ಚಿಡೋದಿಲ್ಲ. ಅದೇ ಕಾರಿನ ಡೀಸೆಲ್ ಚುರುಕಾಗಿದೆ ಅಂತ ಯಾರಾದರೂ ಹೇಳಬಹುದು, ನಿಜವೂ ಹೌದು. ಆದರೆ ಬಿಎಸ್6 ಡೀಸೆಲ್ಲಿನ ಹೊಗೆ ಫಿಲ್ಟರು ಸ್ವಚ್ಛವಾಗಲು ಆಗಾಗ ಉದ್ದದ ಓಟ ಬೇಕು. ಶಾಲೆ, ಕಾಲೇಜು, ತರಕಾರಿ ಅಂತ ತುಂಡು ತುಂಡಾಗಿ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ.

ಸ್ವಿಫ್ಟ್ ಯಾಕೆ ಹೇಳಲಿಲ್ಲ ಅಂತ ಇನ್ನು ಹತ್ತು ಜನ ಪತ್ರ ಬರೆಯುತ್ತಾರೆ. ಓಡಿಸುವ ಖುಷಿ ಒಂದನ್ನೇ ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ. ಒಂದು ಟನ್ನಿಗಿಂತ ಕಡಿಮೆ ತೂಕ, ಬೆಣ್ಣೆಯಂಥ ಗೇರು. 2024ರ ಹೊಸದರಲ್ಲಿ ಆರು ಏರ್‌ಬ್ಯಾಗ್ ಎಲ್ಲ ವೇರಿಯಂಟಿನಲ್ಲೂ ಇವೆ. ಹಿಂದಿನ ಬಾಗಿಲ ಹಿಡಿಕೆಯನ್ನೂ ಮೇಲಿನ ಮೂಲೆಯಿಂದ ಬಾಗಿಲಿಗೆ ಇಳಿಸಿದ್ದಾರೆ, ನಿಮ್ಮ ಐದು ವರ್ಷದವಳ ಕೈಗೆ ಸಿಗುತ್ತದೆ. ಆದರೆ ಸೀಟು ತಗ್ಗು, ಹಿಂದಿನ ಕಿಟಕಿ ಚಿಕ್ಕದು, ಡಿಕ್ಕಿ 265 ಲೀಟರ್. ಮಡಚಿದ ಸ್ಟ್ರೋಲರ್ ಇಟ್ಟರೆ ಉಳಿದ ಸಾಮಾನಿಗೆ ಜಾಗ ಇಲ್ಲ. ಮಂಡಿನೋವಿನವರು ಮನೆಯಲ್ಲಿಲ್ಲದಿದ್ದರೆ ಉತ್ತರ ಬೇರೆ ಇರುತ್ತಿತ್ತು.

ದುಡ್ಡಿನ ಬಗ್ಗೆ ಚುಟುಕಾಗಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 18ಕ್ಕೆ ಇಳಿದಿದೆ, ಎಲೆಕ್ಟ್ರಿಕ್‌ಗೆ 2019ರಿಂದಲೇ 5. ಪೆಟ್ರೋಲ್ ತೆಗೆದುಕೊಂಡರೆ ನಮ್ಮ ರಾಜ್ಯದ ಆಜೀವ ತೆರಿಗೆ ನೆನಪಿರಲಿ: 5ರಿಂದ 10 ಲಕ್ಷದವರೆಗೆ 14 ಪರ್ಸೆಂಟ್, ದಾಟಿದರೆ 17, ಮೇಲೆ ಸೆಸ್. ಹಾಗಾಗಿ ಸನ್‌ರೂಫಿನ ಆಸೆಗೆ ಹತ್ತು ಲಕ್ಷದ ಗೆರೆ ದಾಟಬೇಡಿ. ಧಾರವಾಡದ ಬಿಸಿಲಿಗೆ ಸನ್‌ರೂಫ್ ಯಾಕೆ ಅನ್ನೋದು ನನಗೆ ಇನ್ನೂ ಅರ್ಥವಾಗಿಲ್ಲ.

ಟೆಸ್ಟ್ ಡ್ರೈವಿಗೆ ಗೋಕುಲ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ, ಒಪ್ಪಬೇಡಿ. ಕಾರನ್ನು ಮನೆಗೆ ತರಿಸಿ. ಚೈಲ್ಡ್ ಸೀಟು ಮೊದಲೇ ಕೊಂಡು ಅದನ್ನು ಐಸೋಫಿಕ್ಸ್ ಕೊಂಡಿಗೆ, ಅಂದರೆ ಚೈಲ್ಡ್ ಸೀಟು ಸಿಗಿಸಲೆಂದೇ ಹಿಂದಿನ ಸೀಟಿನ ಸಂದಿಯಲ್ಲಿರುವ ಕೊಂಡಿಗೆ, ನೀವೇ ಹಾಕಿ ನೋಡಿ, ಸೇಲ್ಸ್ ಹುಡುಗನ ಕೈಯಲ್ಲಿ ಹಾಕಿಸಬೇಡಿ. ಅತ್ತೆಯವರು ಮೂರು ಸಲ ಹತ್ತಿ ಇಳಿಯಲಿ. ಮೊದಲ ಸಲ ಎಲ್ಲರೂ "ಚಲೋ ಐತಿ" ಅನ್ನುತ್ತಾರೆ, ಮೂರನೇ ಸಲ ನಿಜ ಹೊರಬರುತ್ತದೆ. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ನವಲೂರು ಏರಿನವರೆಗೆ ನೀವೇ ಓಡಿಸಿ. ಪಂಚ್ ಇವಿಯೇ ಗಟ್ಟಿಯಾದರೆ ಬುಕಿಂಗ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಗೇಟಿನ ಹತ್ತಿರದ ಪ್ಲಗ್ಗಿನ ಅರ್ತಿಂಗು, ವೈರಿನ ದಪ್ಪ ನೋಡಿಸಿ. ಮನೆಯ ಮಂಜೂರಾದ ಲೋಡ್ ಸಾಲದಿದ್ದರೆ ಹೆಸ್ಕಾಂಗೆ ಅರ್ಜಿ ಹಾಕಬೇಕಾಗುತ್ತದೆ. ಆ ಕೆಲಸ ಕಾರು ಬರುವ ಮೊದಲೇ ಮುಗಿದಿರಲಿ.